ಹಿಂದಿನ ಸೀಟಿನ ಅಳತೆ

ಹಳೆಯ ಬೈಕು ಕೊಳ್ಳುವವರು ಇಂಜಿನ್ ನೋಡುತ್ತಾರೆ, ಚೈನು ನೋಡುತ್ತಾರೆ, ಟೈರು ಎಷ್ಟು ಸವೆದಿದೆ ಎಂದು ಉಗುರಿನಲ್ಲಿ ಕೆರೆದು ನೋಡುತ್ತಾರೆ. ನಮ್ಮ ಟೈಲರ್ ಮಾಸ್ಟ್ರು ಮಾತ್ರ ಸೀಟು ಕಳಚಿಸಿ, ಬೋರಲು ಹಾಕಿ, ಹೊಲಿಗೆ ನೋಡಿದರು. ಅದು ಹದಿನೆಂಟು ವರ್ಷದ ಸ್ಪೋರ್ಟ್ಸ್ ಬೈಕು. ಒಂದು ಕಾಲದಲ್ಲಿ ಕೆಂಪಗಿದ್ದದ್ದು ಈಗ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಮಾರುತ್ತಿದ್ದವರು ಅವರ ಹಳೆಯ ಗಿರಾಕಿ, ಹಲ್ಲಿನ ಡಾಕ್ಟರು. ಬಗ್ಗಿ ಓಡಿಸಿ ಓಡಿಸಿ ಬೆನ್ನು ಹಿಡಿದುಕೊಂಡಿತ್ತು, ಪಾಪ.

"ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ ಮಾಸ್ಟ್ರೇ" ಎಂದು ಡಾಕ್ಟರೇ ಹೇಳಿದರು.

"ಏನೂ ಬೇಡ ಸಾರ್. ಒಳಗಿನ ಹೊಲಿಗೆ ಇಷ್ಟು ನೀಟಾಗಿದೆ ಅಂದ್ರೆ ಗಾಡಿ ಚೆನ್ನಾಗೇ ಇರತ್ತೆ."

ಹೊಲಿಗೆ ಚೆನ್ನಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಇಂಜಿನ್ನು ಮಾತ್ರ ಎರಡನೆಯ ತಿರುವಿನಲ್ಲಿ ಒಂದು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಸುಮ್ಮನಾಯಿತು. ಗಾಳಿಗಿಂತ ಜೋರಾಗಿ ಓಡಲೆಂದು ಹುಟ್ಟಿದ ಬೈಕು ಹೊಸ ಮನೆ ಸೇರಿದ್ದು ತಳ್ಳಿಸಿಕೊಂಡು, ಎರಡು ಮೈಲಿ, ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತ.

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಬಳಿ ಮಾಸ್ಟ್ರ ಮೆಷಿನ್ನು, ಅದರ ಹಿಂದೆಯೇ ಹೆಂಡತಿಯ ಮೆಷಿನ್ನು. ಕತ್ತರಿಸುವುದು ಅವರು, ಜೋಡಿಸುವುದು ಆಕೆ. ಮದುವೆಯಾದ ಇಪ್ಪತ್ತೆರಡು ವರ್ಷದಿಂದ ಹೀಗೇ. ಬೆವರಿ ತೊಪ್ಪೆಯಾಗಿ ಬಾಗಿಲಿಗೆ ಬಂದ ಗಂಡನನ್ನೂ ಬೈಕನ್ನೂ ಹೆಂಡತಿ ಮೇಲಿಂದ ಕೆಳಗೆ ನೋಡಿದಳು. ತುಟಿಗಳ ನಡುವೆ ಐದಾರು ಗುಂಡುಪಿನ್ನುಗಳಿದ್ದುದರಿಂದ ಮೊದಲು ಕಣ್ಣಲ್ಲೇ ನಕ್ಕಳು. ಆಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, ಸಾವಕಾಶವಾಗಿ ಬಾಯಿ ಬಿಟ್ಟಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಹನ್ನೊಂದು ವರ್ಷ ಮುಂಚೇನೇ ಬಂದ್ಬಿಡ್ತಲ್ರೀ!"

"ಹೊಲಿದ ಬಟ್ಟೆ ಮನೆಮನೆಗೆ ಕೊಟ್ಟು ಬರೋಕೆ ಬೇಕಲ್ಲ" ಎಂದರು ಮಾಸ್ಟ್ರು, ಹಣೆ ಒರೆಸಿಕೊಳ್ಳುತ್ತ.

"ಇದರಲ್ಲಿ? ತಳ್ಕೊಂಡು ಹೋಗಿ ಕೊಡೋ ಹೊತ್ತಿಗೆ ಆ ಬಟ್ಟೆ ಗಿರಾಕಿಗೆ ಬಿಗಿಯಾಗಿರತ್ತೆ."

ಬಟ್ಟೆ ಕೊಟ್ಟು ಬರುವುದು ನೆಪ. ಒಳಗಿನ ಆಸೆ ಬೇರೆ ಇತ್ತು, ಅದನ್ನು ಹೇಳಲು ಮಾಸ್ಟ್ರಿಗೆ ನಾಚಿಕೆ. ಇಷ್ಟು ವರ್ಷದಲ್ಲಿ ಗಂಡಹೆಂಡಿರು ಜೊತೆಯಾಗಿ ಹೊರಗೆ ಹೋದದ್ದೆಂದರೆ ದಾರ, ಗುಂಡಿ, ಜಿಪ್ಪು ತರಲು. ಒಂದೇ ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಹಿಂದೆ ಕೂರಿಸಿಕೊಂಡು, ಕೆರೆಯ ಪಕ್ಕದ ಉದ್ದ ರಸ್ತೆಯಲ್ಲಿ ಏನನ್ನೂ ಕೊಳ್ಳುವುದಿಲ್ಲದೆ ಸುಮ್ಮನೆ ಹೋಗಿ ಬರಬೇಕು. ಇಷ್ಟೇ ಆಸೆ. ಇಷ್ಟಕ್ಕೆ ಒಂದು ಸಾದಾ ಸ್ಕೂಟರ್ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಆಸೆಗೆ ಬುದ್ಧಿ ಇದ್ದರೆ ಅದನ್ನು ಆಸೆ ಎನ್ನುತ್ತಾರೆಯೇ?

ಪಕ್ಕದ ಬೀದಿಯ ಮೆಕ್ಯಾನಿಕ್ ಬೈಕು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ತಲೆಯ ಮೇಲೆ ಕೈಯಿಟ್ಟುಕೊಂಡ. "ಪಾರ್ಟು ಎಲ್ಲಿಂದ ತರ್ಲಿ ಮಾಸ್ಟ್ರೇ? ಇದರ ಓರಗೆಯವೆಲ್ಲ ಗುಜರಿ ಸೇರಿ ಎಷ್ಟೋ ಕಾಲ ಆಯ್ತು. ಕಾರ್ಬ್ಯುರೇಟರ್ ತುಂಬ ಕಸ, ಬ್ಯಾಟರಿ ಸತ್ತಿದೆ. ನೀವು ತಗೊಳೋವಾಗ ಏನು ನೋಡಿದ್ರಿ?"

"ಸೀಟು."

ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಂಡ.

ಮೂರು ವಾರದ ಮೇಲೆ ಬೈಕಿಗೆ ಜೀವ ಬಂತು. ಬಂದ ಮೇಲೆ ಒಂದು ವಿಚಿತ್ರವೂ ನಡೆಯಿತು. ಆ ಬೈಕಿನ ಹ್ಯಾಂಡಲು ಎಷ್ಟು ಕೆಳಗಿತ್ತೆಂದರೆ, ಓಡಿಸಲು ಹೋದ ಮೆಕ್ಯಾನಿಕ್ ಬೀದಿಯ ಕೊನೆ ಮುಟ್ಟಿ ಬರುವುದರೊಳಗೆ ಸೊಂಟ ಹಿಡಿದುಕೊಂಡು ಇಳಿದ. ಮಾಸ್ಟ್ರು ಏರಿ ಕೂತರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಇತ್ತು. ಮೂವತ್ತು ವರ್ಷ ಮೆಷಿನ್ನಿನ ಮೇಲೆ ಬಾಗಿ ಬಾಗಿ ಅವರ ಬೆನ್ನು ಆ ಆಕಾರಕ್ಕೇ ಬಂದುಬಿಟ್ಟಿತ್ತು. ನೆಟ್ಟಗೆ ಕೂತರೇ ಅವರಿಗೆ ನೋವು. ನೆಟ್ಟಗೆ ಕೂತು ಹೊಲಿಯಿರಿ ಎಂದು ಬೈಯುತ್ತಿದ್ದ ಹೆಂಡತಿಗೆ ಅವತ್ತು ಅವರು ಬೀಗಿಕೊಂಡು ಹೇಳಿದರು, "ನೋಡಿದ್ಯಾ? ಬಗ್ಗಿ ದುಡಿದದ್ದಕ್ಕೆ ಫಲ ಸಿಕ್ತು."

"ಹೌದೌದು. ನಿಮ್ಮಿಬ್ಬರಿಗೂ ಒಂದೇ ಗೂನು" ಎಂದಳು ಆಕೆ.

ಧೈರ್ಯ ಮಾಡಿ ಮಾಸ್ಟ್ರು ಅವತ್ತೇ ಕೇಳಿದರು. "ಭಾನುವಾರ ಕೆರೆ ರಸ್ತೆ ಕಡೆ ಹೋಗಿ ಬರೋಣ್ವಾ? ನೀನು ಹಿಂದೆ ಕೂತ್ಕೊ."

"ಬೆಳಿಗ್ಗೆಯಿಂದ ಸಂಜೆ ತನಕ ನಿಮ್ಮ ಬೆನ್ನು ನೋಡ್ಕೊಂಡೇ ಹೊಲೀತೀನಿ. ಭಾನುವಾರಾನೂ ಅದನ್ನೇ ನೋಡ್ಬೇಕಾ?"

"ಇದರಲ್ಲಿ ಹಿಂದಿನ ಸೀಟು ಎತ್ತರ ಕಣೇ. ನನ್ನ ತಲೆ ಮೇಲಿಂದ ರಸ್ತೆಯೆಲ್ಲ ಕಾಣತ್ತೆ."

"ಸೀಟಾ ಅದು? ಪಿನ್ನು ಚುಚ್ಚೋ ಮೆತ್ತೆ ಇದಕ್ಕಿಂತ ಅಗಲ ಇದೆ" ಎಂದು ಆಕೆ ಮತ್ತೆ ಮೆಷಿನ್ನು ತುಳಿದಳು.

ಮಾತು ನಿಜವೇ. ಅಂಥ ಬೈಕು ಮಾಡಿದವರಿಗೆ ಹೆಂಡತಿ ಇದ್ದಂತೆ ಕಾಣಲಿಲ್ಲ; ಹಿಂದಿನ ಸೀಟು ಅಂಗೈಯಗಲ ಇತ್ತು. ಆದರೆ ಆಕೆ ಬರುವುದೇ ಇಲ್ಲ ಎಂದಿರಲಿಲ್ಲ, ಸೀಟು ಸಣ್ಣದು ಎಂದಿದ್ದಳು. ಟೈಲರಿಗೆ ಇಷ್ಟು ಸಾಲದೇ? ಆಕೆ ಒಪ್ಪುವ ಮೊದಲೇ, ಕೂಸು ಹುಟ್ಟುವ ಮುನ್ನ ಕುಲಾವಿ ಎನ್ನುವ ಹಾಗೆ, ಮಾಸ್ಟ್ರು ಸೀಟು ಹೊಲಿಯಲು ಕೂತರು. ಆಕೆ ತಂಗಿಯ ಮನೆಗೆ ಹೋದ ಎರಡು ದಿನ ನೋಡಿಕೊಂಡು ಹಲಗೆ ಕತ್ತರಿಸಿದರು, ಸ್ಪಂಜು ಹಾಕಿದರು, ಕಪ್ಪು ರೆಕ್ಸಿನ್ ಎಳೆದು ಜೋಡಿ ಹೊಲಿಗೆ ಹಾಕಿದರು. ಅಗಲ ಎಷ್ಟಿರಬೇಕು ಎಂದು ಅವರು ಯಾರನ್ನೂ ಕೇಳಲಿಲ್ಲ. ಅಟ್ಟದಿಂದ ಹಳೆಯ ಅಳತೆ ಪುಸ್ತಕ ಇಳಿಸಿದರು. ಆಕೆ ಮದುವೆಗೆ ಮುಂಚೆ ಒಂದು ಕೋಟು ಹೊಲಿಸಲು ಅಂಗಡಿಗೆ ಬಂದಿದ್ದ ಗಿರಾಕಿ. ಎದೆ, ಸೊಂಟ, ತೋಳು, ಭುಜ ಎಲ್ಲ ಅದರಲ್ಲಿ ಅವರದೇ ಕೈಬರಹದಲ್ಲಿತ್ತು. ಓದಿ ಓದಿ ಅವರಿಗೆ ಒಬ್ಬರೇ ಇರುವಾಗಲೂ ನಗು ಬಂತು.

ಆಕೆ ಮರಳಿದ ದಿನ ಸೀಟು ನೋಡಿ ಮೊದಲು ಖುಷಿಪಟ್ಟಳು. ಜೋಡಿ ಹೊಲಿಗೆಯ ಮೇಲೆ ಬೆರಳಾಡಿಸಿ, "ಪರವಾಗಿಲ್ವೇ" ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಂತರ ಕಾಲು ಹಾಕಿ ಕೂತಳು. ಕೂತದ್ದು ಅರ್ಧ, ಉಳಿದರ್ಧ ಎರಡೂ ಕಡೆ ಹೊರಗೆ. ಮಾಸ್ಟ್ರು ನಗೆಯಾಡಲು ಬಾಯಿ ತೆರೆದರು, ಆಕೆಯ ಮುಖ ನೋಡಿ ಮುಚ್ಚಿದರು.

"ಇದು ಯಾರ ಅಳತೆ?"

"ನಿಂದೇ. ಪುಸ್ತಕದಲ್ಲಿತ್ತಲ್ಲ."

ಆಕೆ ಇಳಿದಳು. "ಬಾಗಿಲಿಗೆ ಬಂದವರಿಗೆಲ್ಲ ಏನು ಹೇಳ್ತೀರ? 'ಹಳೇ ಅಳತೆಗೆ ನಾನು ಹೊಲಿಯಲ್ಲ, ಮೈ ಬದಲಾಗಿರತ್ತೆ, ನಿಂತ್ಕೊಳಿ' ಅಂತೀರ. ಹೋದ ತಿಂಗಳು ಬಂದವರು ಈ ತಿಂಗಳು ಬಂದ್ರೂ ಟೇಪು ಹಿಡೀತೀರ. ನನಗೆ ಮಾತ್ರ ಇಪ್ಪತ್ಮೂರು ವರ್ಷದ ಹಿಂದಿನ ಪುಸ್ತಕ."

ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. ಒಳಗೆ ಹೋಗಿ ಮೆಷಿನ್ನಿಗೆ ಕೂತಳು. ಜಗಳ ಆಡಿದ್ದರೆ ಮಾಸ್ಟ್ರಿಗೆ ಸುಲಭವಾಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತನ್ನು ಅವರು ಬೇಕಾದಷ್ಟು ಜನರಿಗೆ ಹೇಳಿದ್ದರು. ಆ ದೀಪ ತಾವೇ ಎಂದು ತಿಳಿದಾಗ ಮೈ ಮುದುಡಿಹೋಯಿತು. ನಾಲ್ಕು ದಿನ ಅಂಗಡಿಯಲ್ಲಿ ಮೆಷಿನ್ನುಗಳದ್ದು ಬಿಟ್ಟರೆ ಬೇರೆ ಮಾತಿಲ್ಲ. ಆಕೆ ಚುಚ್ಚಿ ಮಾತಾಡುತ್ತಿಲ್ಲ ಎನ್ನುವುದೇ ಅವರನ್ನು ಹೆಚ್ಚು ಚುಚ್ಚಿತು.

ಐದನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಮಾಸ್ಟ್ರು ಕುತ್ತಿಗೆಗೆ ಟೇಪು ಹಾಕಿಕೊಂಡು ಆಕೆಯ ಮುಂದೆ ನಿಂತರು.

"ಸ್ವಲ್ಪ ನಿಂತ್ಕೊಳ್ತೀಯಾ?"

"ಯಾಕೆ, ಸೀಟು ದೊಡ್ಡದು ಮಾಡೋಕಾ?"

"ಸೀಟು ಹಾಳಾಗ್ಲಿ. ಅಳತೆ ತಗೋಬೇಕು. ಪೂರ್ತಿ."

ಆಕೆ ನಿಂತಳು, ಗೋಡೆಯ ಕಡೆ ಮುಖ ಮಾಡಿ. ಮಾಸ್ಟ್ರು ಪುಸ್ತಕದ ಹೊಸ ಪುಟ ತೆರೆದರು. ಸೊಂಟ ಬರೆದರು. ಆಕೆ, "ಜೋರಾಗಿ ಓದ್ಬೇಡಿ, ಬೀದಿಗೆ ಕೇಳಿಸತ್ತೆ" ಎಂದಳು. ಅಬ್ಬ, ಚುಚ್ಚಿದಳಲ್ಲ ಎಂದು ಅವರಿಗೆ ಜೀವ ಬಂದಂತಾಯಿತು. ತೋಳು ಬರೆದರು. ಭುಜಕ್ಕೆ ಬಂದಾಗ ಟೇಪು ನಿಂತುಹೋಯಿತು. ಇನ್ನೊಮ್ಮೆ ಹಿಡಿದರು. ಬಲಭುಜ ಎಡಭುಜಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು. ಗಿರಾಕಿ ಬಾಗಿಲಲ್ಲಿ ನಿಂತಿರುವಾಗಲೇ ಕಾಲು ಇಂಚಿನ ವ್ಯತ್ಯಾಸ ಹಿಡಿಯುವ ಕಣ್ಣು ಅವರದು.

"ಇದು ಯಾವಾಗಿಂದ?"

"ಆರು ವರ್ಷ ಆಗಿರ್ಬೇಕು. ದಪ್ಪ ಬಟ್ಟೆ ತಳ್ಳಿ ತಳ್ಳಿ. ರಾತ್ರಿ ಆ ಕಡೆ ಮಲಗೋಕಾಗಲ್ಲ."

"ನನಗೆ ಹೇಳ್ಬಾರದಿತ್ತಾ?"

"ಅಳತೆ ತಗೊಳೋರು ನೀವಲ್ವೇನ್ರೀ?" ಎಂದಳು ಆಕೆ, ಗೋಡೆಯ ಕಡೆಗೇ, ಮೆಲ್ಲಗೆ.

ಮಾಸ್ಟ್ರಿಗೆ ಅಳು ಬಂತು. ಅವರು ಅದನ್ನು ಮುಚ್ಚಿಡಲೂ ಇಲ್ಲ. ಆ ಮುಕ್ಕಾಲು ಇಂಚನ್ನು ಬರೆಯಲು ಅವರಿಗೆ ಕೈ ಬರಲಿಲ್ಲ. ಆಕೆ ಹಿಂತಿರುಗಿ ನೋಡಿ, ಪೆನ್ಸಿಲ್ ತೆಗೆದುಕೊಂಡು ತಾನೇ ಬರೆದಳು.

ಭಾನುವಾರಕ್ಕೆ ಕಾಯಲಿಲ್ಲ. ಅವತ್ತೇ ಹೊಸ ಅಳತೆಗೆ ಸೀಟು ಹೊಲಿದು, ಮರುದಿನ ಅಂಗಡಿ ಮುಚ್ಚಿದರು. ಹೊಸ ಸೀಟು ಅಗಲವಾಗಿತ್ತು, ಬೈಕಿನ ಅಂದವನ್ನು ಪೂರ್ತಿ ಕೆಡಿಸಿತ್ತು. ಮೆಕ್ಯಾನಿಕ್ ನೋಡಿ, "ಇದೇನು ಬೈಕಾ, ಸೋಫಾನಾ" ಎಂದ. ಮೊದಲ ಸವಾರಿ ಮೂಳೆ ಡಾಕ್ಟರ ಬಳಿಗೆ. ದಾರಿ ಕೆರೆ ರಸ್ತೆಯ ಮೇಲೇ ಹಾದುಹೋಗುತ್ತಿತ್ತು. ಮಾಸ್ಟ್ರು ಬೈಕಿನ ಮೇಲೆ ಬಾಗಿ, ಗುಂಡಿ ಕಂಡಲ್ಲಿ ನಿಲ್ಲಿಸಿ, ಕಲ್ಲು ಕಂಡಲ್ಲಿ ಸುತ್ತಿ, ಒಂದೊಂದೇ ಹೊಲಿಗೆ ಹಾಕಿದ ಹಾಗೆ ಓಡಿಸಿದರು. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಹೊತ್ತ ಮುದುಕರೊಬ್ಬರು ಗಂಟೆ ಬಾರಿಸಿ ಅವರನ್ನು ದಾಟಿ ಹೋದರು.

"ಇಷ್ಟು ನಿಧಾನಕ್ಕೆ ಹೋಗೋಕೆ ಇಂಥ ಬೈಕೇ ಬೇಕಿತ್ತಾ?"

"ನಿನ್ನ ಭುಜ ಅಲುಗಾಡಬಾರದು ಅಂತ."

ಎಡಗಡೆ ಕೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಆಕೆ ಎಡಗೈಯನ್ನು ಅವರ ಬಾಗಿದ ಬೆನ್ನಿನ ಮೇಲಿಟ್ಟು, ಹೆಲ್ಮೆಟ್ಟಿನ ಹತ್ತಿರಕ್ಕೆ ಬಗ್ಗಿದಳು.

"ಆರು ವರ್ಷ ತಡ ಆಗಿದೆ. ಈಗಲಾದ್ರೂ ಬೇಗ ಹೋಗಿ" ಎಂದಳು. ಮಾಸ್ಟ್ರು ಆಕ್ಸಿಲರೇಟರ್ ತಿರುಗಿಸಿದರು.