ಎರಡೂ ಎಡತೋಳು

ನರ್ಸಮ್ಮ ತನ್ನ ಹೊಸ ಬಿಳಿ ಕೋಟನ್ನು ಕತ್ತರಿ ಮೇಜಿನ ಮೇಲೆ ಹರಡಿದಾಗ ಹೊಲಿಗೆ ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಕೋಟಿಗೆ ಎರಡು ತೋಳೇನೋ ಇದ್ದವು. ಆದರೆ ಎರಡೂ ಎಡಗೈಯವು.

"ಮಾಸ್ಟರ್‌ಗೆ ಅರಳುಮರಳು ಶುರುವಾಯ್ತು," ಎಂದ, ಪರದೆ ಹೊಲಿಸಲು ಬಂದಿದ್ದ ಹೋಟೆಲಿನವ. "ಇನ್ಮೇಲೆ ನರ್ಸಮ್ಮ ಎಡಗೈಲೇ ಸೂಜಿ ಚುಚ್ಬೇಕು!"

ಮಾಸ್ಟರ್ ಕೂಡ ನಕ್ಕರು. ಆದರೆ ಅವರ ಬೆರಳು ತೋಳಿನ ಹೊಲಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಹರಿದಾಡುತ್ತಿತ್ತು, ಕತ್ತಲಲ್ಲಿ ಚಿಲಕ ಹುಡುಕುವವರ ಹಾಗೆ. ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದ ಮಗಳಿಗೆ ಅದು ಕಂಡಿತು. ಚಿಕ್ಕಂದಿನಿಂದ ಅದೇ ಕೆಲಸ ಮಾಡಿದ್ದಕ್ಕೆ ಮನೆಯಲ್ಲಿ ಅವಳ ಹೆಸರೇ ಗುಂಡಿ ಎಂದಾಗಿತ್ತು. ಆ ನಗು ಕೇಳಿ ಅವಳ ಮೈಯೆಲ್ಲ ಉರಿಯಿತು.

ಬಟ್ಟೆಯನ್ನು ಮಡಚಿ ಜೋಡಿಯಾಗಿ ಕತ್ತರಿಸಿದರೆ ಒಂದು ಎಡ, ಒಂದು ಬಲ ತಾನಾಗಿ ಬರುತ್ತದೆ. ಒಂಟಿ ಪದರ ಹಾಸಿ, ತಿರುವಿ ಹಾಕುವುದನ್ನು ಮರೆತು ಎರಡು ಸಲ ಕತ್ತರಿಸಿದರೆ ಎರಡೂ ಒಂದೇ ಕೈಯವು. ಇದು ಕೆಲಸ ಕಲಿಯಲು ಬಂದವರು ಮೊದಮೊದಲು ಮಾಡುವ ತಪ್ಪು. ಇದಕ್ಕಾಗಿ ಮಾಸ್ಟರ್ ಎಷ್ಟು ಮಂದಿಯ ಕಿವಿ ಹಿಂಡಿದ್ದರೋ!

ಅವರು ಅಳತೆ ಬರೆದುಕೊಳ್ಳುವವರೇ ಅಲ್ಲ. ಟೇಪು ಹಿಡಿದು ಎದೆ, ಸೊಂಟ, ಭುಜ, ತೋಳು ಎಂದು ಪದ್ಯ ಓದುವ ಹಾಗೆ ರಾಗವಾಗಿ ಹೇಳುವರು; ಗುಂಡಿ ಅದನ್ನು ಮರುನುಡಿಯುವಳು. ಅಷ್ಟಾದರೆ ಮುಗಿಯಿತು, ಆ ಮೈಯ ಅಳತೆ ಅವರ ನೆನಪಿನಲ್ಲಿ ಹೊಲಿದಿಟ್ಟಂತೆ. ಈಗೀಗ ಆ ಪದ್ಯ ಭುಜದ ಹತ್ತಿರ ಬಂದು ತಡವರಿಸುತ್ತಿತ್ತು. ಮತ್ತೆ ಎದೆಯಿಂದ ಶುರು.

ನರ್ಸಮ್ಮ ಮಾತ್ರ ನಕ್ಕಿರಲಿಲ್ಲ. "ತೋಳು ಬಿಚ್ಚಿ ಬೇರೆ ಹಾಕಿದ್ರಾಯ್ತು ಮಾಸ್ಟರ್, ಅದು ಬಿಡಿ," ಎಂದು ಮಕ್ಕಳಿಬ್ಬರ ಮುಖ ನೋಡಿದಳು. "ಇವರಿಗೆ ಎಷ್ಟು ದಿನದಿಂದ ಹೀಗೆ?"

ಮಿಷನ್ ತುಳಿಯುತ್ತಿದ್ದ ಹಿರಿಮಗ ತಲೆ ಎತ್ತಲಿಲ್ಲ. "ವಯಸ್ಸಾಯ್ತಲ್ಲ ನರ್ಸಮ್ಮ, ಮರೆವು ಸಹಜ. ನೆನಪಿನ ಪುಡಿ ಒಂದು ಡಬ್ಬಿ ತಂದಿದೀನಿ, ಹಾಲಲ್ಲಿ ಕದಡಿ ಕೊಡ್ತಿದೀನಿ. ನಾಳೆಯಿಂದ ಅಪ್ಪ ಒಳಗೆ ಕೂರಲಿ. ಕತ್ತರಿ ನಾನು ಹಿಡೀತೀನಿ."

ಒಳಗೆ ಎಂದರೆ ಕಿಟಕಿಯಿಲ್ಲದ ಹಿಂಕೋಣೆ. ಅಲ್ಲಿರುವುದು ಚಿಂದಿ ಬಟ್ಟೆಯ ಗಂಟುಗಳು.

"ಅಪ್ಪ ಏನು ಚಿಂದಿ ಗಂಟಾ ಅಣ್ಣ, ಒಳಗೆ ಬಿಸಾಕೋಕೆ?" ಗುಂಡಿ ಸೂಜಿ ಚುಚ್ಚಿಟ್ಟು ಎದ್ದಳು.

"ನಿನಗೇನು ಗೊತ್ತೇ? ವರ್ಷದಿಂದ ಅವರು ಕೆಡಿಸಿದ್ದನ್ನೆಲ್ಲ ನಾನೇ ಬಿಚ್ಚಿ ಹೊಲೀತಿದೀನಿ, ಮರ್ಯಾದೆ ಹೋಗಬಾರದು ಅಂತ."

"ವರ್ಷದಿಂದ ಗೊತ್ತಿತ್ತಾ! ಬಟ್ಟೆ ರಿಪೇರಿ ಮಾಡಿದೆ, ಆದ್ರೆ ಅಪ್ಪನ್ನ ಒಬ್ಬ ಡಾಕ್ಟ್ರಿಗೂ ತೋರಿಸ್ಲಿಲ್ಲ?"

ಅಷ್ಟರಲ್ಲಿ ಚಹಾ ಬಂತು. ಗಿರಾಕಿ ಚಹಾ ಕುಡಿಯದೆ ಹೋಗುವಂತಿಲ್ಲ, ಗಿರಾಕಿ ಕುಡಿಯುವಾಗ ಮಾಸ್ಟರ್ ಕುಡಿಯದೆ ಕೂರುವಂತಿಲ್ಲ. ಅದು ಆ ಅಂಗಡಿಯ ಮರ್ಯಾದೆ. ಸಕ್ಕರೆ ಧಾರಾಳ, ಜೊತೆಗೆ ಕ್ರೀಮ್ ಬಿಸ್ಕತ್ತು. ಬಾಗಿಲು ತೆರೆದಾಗಿನಿಂದ ಎಳೆಯುವವರೆಗೂ ಇದೇ. ಮಾಸ್ಟರ್‌ಗೆ ಎದ್ದು ಓಡಾಡಬೇಕಾದ ಕೆಲಸವೂ ಇಲ್ಲ.

"ಮಾಸ್ಟರ್‌ಗೆ ಶುಗರ್ ಇದೆಯಾ?" ನರ್ಸಮ್ಮ ಕೇಳಿದಳು.

ಗುಂಡಿಯ ದನಿ ಇಳಿಯಿತು. "ಹಿಂದೊಮ್ಮೆ ಡಾಕ್ಟ್ರು ಇದೆ ಅಂದಿದ್ರು. ಮಾತ್ರೆ ಖಾಲಿಯಾಯ್ತು. ಅಪ್ಪ ಆರಾಮಾಗೇ ಇದ್ರಲ್ಲ ಅಂತ ಮತ್ತೆ ತರಲಿಲ್ಲ..."

ನರ್ಸಮ್ಮ ಮಗನ ಕಡೆ ತಿರುಗಿದಳು. "ಈ ಮಿಷನ್ನಿಗೆ ಎಣ್ಣೆ ಯಾವಾಗ ಬಿಟ್ಟಿದ್ದು?"

"ಪ್ರತಿ ಶನಿವಾರ ಬಿಡ್ತೀನಿ. ತಪ್ಪಿಸೋ ಮಾತೇ ಇಲ್ಲ," ಎಂದ ಅವನು ಹೆಮ್ಮೆಯಿಂದ.

"ಮಿಷನ್ನಿಗೆ ಎಣ್ಣೆ ತಪ್ಪಬಾರದು. ಅದನ್ನ ತುಳಿದು ನಿಮ್ಮನ್ನ ಸಾಕಿದೋರಿಗೆ ಮಾತ್ರೆ ತಪ್ಪಿದ್ರೆ ನಡೆಯುತ್ತೆ, ಅಲ್ವಾ?"

ಮಿಷನ್ ನಿಂತಿತು. ಆದರೂ ಮಗ ಸೋಲಲಿಲ್ಲ. "ಶುಗರ್ ಇರೋದು ರಕ್ತದಲ್ಲಿ, ಮರೆವು ತಲೇಲಿ. ಎಲ್ಲಿಂದ ಎಲ್ಲಿಗೆ ತೇಪೆ ಹಾಕ್ತೀರಿ?"

"ಯಾಕೆ, ತಲೆಗೆ ರಕ್ತ ಹೋಗಲ್ವಾ? ಮೆದುಳು ಇರೋದು ಇಷ್ಟೇ ಇಷ್ಟು. ಆದ್ರೆ ಸುಮ್ಮನೆ ಕೂತಿದ್ರೂ ಮೈ ಖರ್ಚು ಮಾಡೋ ಶಕ್ತೀಲಿ ಸುಮಾರು ಐದರಲ್ಲಿ ಒಂದು ಪಾಲು ಅದಕ್ಕೇ ಬೇಕು. ಸಕ್ಕರೇನ ರಕ್ತದಿಂದ ಮೈಯೊಳಗೆ ದಾಟಿಸೋದು ಇನ್ಸುಲಿನ್; ಮೈ ಅದರ ಮಾತು ಕೇಳದೆ ಹೋದ್ರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತೆ. ಅಂಗಡಿ ತುಂಬ ದಾರದುಂಡೆ, ಸೂಜಿ ಕಣ್ಣಿಗೆ ಮಾತ್ರ ದಾರ ಇಲ್ಲ. ಹಾಗೇ ವರ್ಷಗಟ್ಟಲೆ ಬಿಟ್ರೆ ಮೆದುಳಿನ ಸಣ್ಣ ರಕ್ತನಾಳ ಹಾಳಾಗ್ತವೆ. ಅಲ್ಜೈಮರ್ ಅನ್ನೋ ಮರೆವಿನ ಕಾಯಿಲೆ ಬರೋ ಸಂಭವ ಹೆಚ್ಚುತ್ತೆ. ಬಿಪಿ, ಬೊಜ್ಜು, ತಂಬಾಕು, ಕೂತಲ್ಲೇ ಕೂರೋದು, ಎಲ್ಲಾ ಅದಕ್ಕೆ ಕೈಜೋಡಿಸ್ತವೆ."

"ಹಾಗಾದ್ರೆ ಅಪ್ಪ ಚಹಾ ಕುಡಿದೇ ಹೀಗಾದ್ರು ಅನ್ನಿ!" ಎಂದ ಮಗ.

"ಹಾಗಂದೋರ್ಯಾರು? ವಯಸ್ಸು ಇದೆ, ವಂಶ ಇದೆ. ಹಿತಮಿತವಾಗಿ ಉಂಡು ನಡೆದಾಡೋರಿಗೂ ಬರಬಹುದು. ಅವರ ಮೇಲೆ ತಪ್ಪು ಹೊರಿಸ್ಬೇಡಿ. ನಮ್ಮ ಕೈಲಿ ಇರೋದನ್ನೂ ಮಾಡದೆ, ವಯಸ್ಸಾಯ್ತು ಅಂತ ಕೈ ತೊಳ್ಕೋತೀವಲ್ಲ, ನನಗೆ ಸಿಟ್ಟು ಬರೋದು ಅದಕ್ಕೆ."

ಮರುದಿನ ಗುಂಡಿ ಹಟ ಹಿಡಿದು ಅಪ್ಪ, ಅಣ್ಣ ಇಬ್ಬರನ್ನೂ ಆಸ್ಪತ್ರೆಗೆ ಎಳೆದೊಯ್ದಳು. ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ದಳು. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಲೆ ಆನೆಗಾತ್ರದ ಮಾತು. ಒಳಗೇನಿದೆ ಎಂಬುದೇ ಇಲ್ಲ. ಗುಂಡಿ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡಳು.

"ಸಕ್ಕರೆ! ಶುಗರ್ ಇರೋ ಮನುಷ್ಯನಿಗೆ ಸಕ್ಕರೇನೇ ಔಷಧಿ ಅಂತ ಮಾರಿದಾರೆ, ಇವರ ಮನೆ ಹಾಳಾಗ!"

ರಕ್ತ, ಬಿಪಿ, ಥೈರಾಯ್ಡ್, ವಿಟಮಿನ್, ಕಿವಿ, ತಲೆಯ ಸ್ಕ್ಯಾನ್ ಎಲ್ಲ ಪರೀಕ್ಷೆಯೂ ಆಯಿತು. ಕೆಲವು ಮರೆವು ಥೈರಾಯ್ಡ್, ವಿಟಮಿನ್‌ನಂಥ ಕೊರತೆಗಳಿಂದಲೇ ಬರುತ್ತದೆ, ಅವನ್ನು ಸರಿಪಡಿಸಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗುಂಡಿ ಅದಕ್ಕಾಗಿ ದೇವರನ್ನು ಬೇಡಿಕೊಂಡಳು. ಆದರೆ ಫಲಿತಾಂಶ ಬಂದಾಗ ಡಾಕ್ಟರು ಕನ್ನಡಕ ತೆಗೆದಿಟ್ಟರು.

"ಶುಗರ್, ಬಿಪಿ ಎರಡೂ ಏರಿವೆ. ಜೊತೆಗೆ ಅಲ್ಜೈಮರ್ ಶುರುವಾಗಿದೆ. ಅದನ್ನ ಪೂರ್ತಿ ವಾಸಿಮಾಡೋ ಔಷಧಿ ಇವತ್ತಿಗೂ ಇಲ್ಲ. ಶುಗರ್, ಬಿಪಿ ಹತೋಟಿಗೆ ತಂದ್ರೆ ಮೆದುಳಿನ ಮೇಲಿನ ಹೊರೆಯಾದ್ರೂ ಇಳಿಯುತ್ತೆ."

"ಅಂದ್ರೆ... ಒಳಗೆ ಕೂರಿಸೋದೇ ಸರಿಯಾ?" ಅಣ್ಣ ಕೇಳಿದ.

"ಒಂಟಿಯಾಗಿ ಕೂರಿಸಿದ್ರೆ ಇನ್ನಷ್ಟು ಕುಗ್ತಾರೆ. ಪಕ್ಕದಲ್ಲಿ ಒಬ್ಬರಿರಿ, ಆದಷ್ಟು ದಿನ ಕೆಲಸ ಮಾಡ್ಲಿ. ಅದಿರಲಿ, ಹೊಟ್ಟೆ ಸುತ್ತ ಬೊಜ್ಜು ಬಂದ್ರೆ ಶುಗರ್ ಬರೋ ಸಂಭವ ಹೆಚ್ಚು; ನಿಮ್ಮ ಸೊಂಟದ ಅಳತೆ ಎಷ್ಟು?"

ಅಣ್ಣ ಬಗ್ಗಿ ತನ್ನ ಹೊಟ್ಟೆ ನೋಡಿಕೊಂಡ. ಕಂಡವರ ಸೊಂಟವನ್ನೆಲ್ಲ ಅಳೆಯುವವನಿಗೆ ತನ್ನದು ಗೊತ್ತಿರಲಿಲ್ಲ.

ಮಾಸ್ಟರ್ ಎದ್ದರು. ಕೊರಳಲ್ಲಿದ್ದ ಟೇಪನ್ನು ಮಗನ ನಡುವಿಗೆ ಸುತ್ತಿ, ರಾಗವಾಗಿ ಹೇಳಿದರು: "ಸೊಂಟ ನಲವತ್ತೆರಡೂ..." ತಟ್ಟನೆ ನಿಂತರು. "ಏನಿದು ಮಗನೇ? ನಿನ್ನ ಮದುವೆ ಕೋಟಿಗೆ ಮೂವತ್ತೆರಡಿತ್ತಲ್ಲೋ!"

ಬೆಳಗ್ಗೆ ತಿಂದದ್ದು ಮರೆತ ಮನುಷ್ಯನಿಗೆ ಮಗನ ಮದುವೆಯ ಅಳತೆ ನೆನಪಿತ್ತು. ಅಣ್ಣ ಅಪ್ಪನ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ತುಂಬಿತು. "ಡಾಕ್ಟ್ರೇ, ನನ್ನ ರಕ್ತಾನೂ ತಗೊಳ್ಳಿ."

ಅವನ ಶುಗರ್ ಕಾಯಿಲೆಯ ಗಡಿಯಲ್ಲಿ ನಿಂತಿತ್ತು.

ಈಗ ಅಂಗಡಿಯ ಮರ್ಯಾದೆ ಬದಲಾಗಿದೆ. ಬಂದವರಿಗೆ ಸಕ್ಕರೆಯಿಲ್ಲದ ಅರ್ಧ ಲೋಟ ಚಹಾ, ಬಿಸ್ಕತ್ತಿನ ಬದಲು ಹುರಿದ ಕಡಲೆಬೀಜ. ಮನೆಯ ತಟ್ಟೆಯಲ್ಲಿ ಸೊಪ್ಪು, ತರಕಾರಿ, ಕಾಳು ಹೆಚ್ಚಿವೆ. ಕರಿದದ್ದು, ಉಪ್ಪು ಇಳಿದಿವೆ. ಹೊಲಿದ ಬಟ್ಟೆ ಕೊಡಲು ಅಪ್ಪ ಮಗ ನಡೆದೇ ಹೋಗುತ್ತಾರೆ. ಮಾತ್ರೆ ಕೊಡುವುದು ಗುಂಡಿ.

ಮೊನ್ನೆ ಹೋಟೆಲಿನವ ಬಂದು, "ಇನ್ನೂ ಇವರ ಕೈಗೇ ಕತ್ತರಿನಾ?" ಎಂದು ಹಲ್ಲು ಕಿರಿದ.

"ಪಕ್ಕದಲ್ಲಿ ನಾವಿದೀವಿ ಸ್ವಾಮಿ," ಎಂದ ಅಣ್ಣ. "ಅದಿರಲಿ, ನಿಮ್ಮ ಶುಗರ್ ಯಾವತ್ತು ನೋಡಿಸಿದ್ದು?" ಹಲ್ಲು ಒಳಗೆ ಹೋಯಿತು.

ಗುಂಡಿ ಬಟ್ಟೆಯನ್ನು ಮಡಚಿ ಜೋಡಿಯಾಗಿ ಹಾಸಿದಳು. ಅಪ್ಪನ ಪದ್ಯ ಭುಜದ ಹತ್ತಿರ ಬಂದು ನಿಂತಿತು. ಅವಳು ಗಡಿಬಿಡಿ ಮಾಡಲಿಲ್ಲ. ಮೆಲ್ಲಗೆ "ಭುಜ" ಎಂದಳು. ಪದ್ಯ ಮುಂದೆ ಸಾಗಿತು.

ಇದನ್ನು ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆಯೇ? ಕೈ ಪಳಗಿದ ಕೆಲಸದಲ್ಲೇ ಎಡವುತ್ತಿದ್ದಾರೆಯೇ? ನಗಬೇಡಿ. ಮುಚ್ಚಿಡಬೇಡಿ. ಪುಡಿ ಮಾರುವವರನ್ನು ಹೊಸ್ತಿಲು ದಾಟಿಸಬೇಡಿ. ಡಾಕ್ಟರ ಬಳಿ ಕರೆದೊಯ್ಯಿರಿ; ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮತ್ತೆ ನೀವು, ಇನ್ನೂ ಗಟ್ಟಿಮುಟ್ಟಾಗಿ ಇದ್ದೇವೆ ಎನ್ನುವವರು, ಇವತ್ತೇ ಒಂದು ಟೇಪು ತೆಗೆದು ನಿಮ್ಮ ಸೊಂಟಕ್ಕೆ ಸುತ್ತಿ ನೋಡಿ; ಅಳತೆ ಏರಿದ್ದರೆ ಶುಗರ್ ಪರೀಕ್ಷೆ ಮಾಡಿಸಿ.