ಮೇಲಿನ ಡಬ್ಬಿಯ ಕರ್ಪೂರ

ತೀರಿಕೊಂಡ ಪೀರ್ ಪಾಷಾನ ಮೈ ತೊಳೆದು ಒರೆಸಿದ ಮಸೀದಿಯ ಅಫ್ಸರ್ ಪಾಷಾ, ಅಡ್ಡ ಕಟ್ಟಿದ್ದ ಬಟ್ಟೆಯ ಸಂದಿಯಿಂದ ಒದ್ದೆ ಕೈ ಚಾಚಿ, "ಕರ್ಪೂರ ಕೊಡ್ರಪ್ಪಾ" ಎಂದ.

ಅಂಗಳದಲ್ಲಿ ಯಾರೂ ಅಲುಗಲಿಲ್ಲ. ನಮಾಜಿನಲ್ಲಿ ನೆಲ ಮುಟ್ಟಿದ ಹಣೆ, ಮೂಗು, ಅಂಗೈ, ಮಂಡಿ, ಪಾದಗಳಿಗೆ ಕರ್ಪೂರ ಹಚ್ಚಿಯೇ ಕಫನ್ ಬಟ್ಟೆ ಹೊದಿಸಬೇಕು. ಆದರೆ ಕರ್ಪೂರ ಬರುತ್ತಿದ್ದ ಜಪಾನಿನೊಂದಿಗೆ ಯುದ್ಧ ಶುರುವಾದ ಮೇಲೆ ಮಳವಳ್ಳಿಯ ಅಂಗಡಿಗಳಲ್ಲಿ ಕರ್ಪೂರವೆಂಬುದೇ ಕಾಣದಾಗಿತ್ತು.

"ಅಬ್ಬಾನ ರೀಲಿನ ಡಬ್ಬಿಗಳಲ್ಲಿ ಬೇಕಾದಷ್ಟೈತೆ" ಎಂದು ಮಗ ನಿಜಾಮುದ್ದೀನ್ ಎದ್ದ.

ಟೆಂಟ್ ಸಿನಿಮಾದ ಮಾಲೀಕ ಪುಟ್ಟಸ್ವಾಮಿ ಅವನಿಗೆ ಅಡ್ಡ ಬಂದ. "ಬ್ಯಾಡ ಕಣ್ಲಾ ನಿಜಾಮು. ಈಗ ಅದ್ನೆಲ್ಲ ಯಾಕೆ ಕೆದಕೀಯೆ? ನಾನು ಮಂಡ್ಯಕ್ಕೋಗಿ ತತ್ತೀನಿ."

"ನೀನು ಬರೋಗಂಟ ಕಾಯಕ್ಕೆ ಇದೇನ್ ನಿನ್ ಟೆಂಟಾ, ಇಂಟರ್ವಲ್ ಬುಡಕ್ಕೆ?" ಎಂದು ಗೇಟಿನಲ್ಲಿ ಟಿಕೆಟು ಹರಿಯುವ, ಅವನ ಓರಗೆಯವನೇ ಆದ ಮರಿಯಯ್ಯ ಗದರಿದ.

*

ಮಾತಿನ ಚಿತ್ರಗಳು ಬಂದ ಮೇಲೆ ಹಳೆಯ ಮೂಕಿ ಚಿತ್ರಗಳ ರೀಲುಗಳನ್ನು ಕರಗಿಸಿ ಬಳೆ ಮಾಡುವವರು ತೂಕಕ್ಕೆ ಕೊಳ್ಳುತ್ತಿದ್ದರು. ಪುಟ್ಟಸ್ವಾಮಿಯೂ ಮಾರಲು ಹೊರಟಿದ್ದ. ಮಷೀನು ನಡೆಸುತ್ತಿದ್ದ ಪೀರ್ ಪಾಷಾ ಅಡ್ಡ ನಿಂತು, "ಮುಂದೆ ಹುಟ್ಟೋರು ನೋಡ್ಬೇಡವಾ ಪುಟ್ಟಸ್ವಾಮಣ್ಣ?" ಎಂದು ಎಲ್ಲವನ್ನೂ ತನ್ನ ಮನೆಗೆ ಹೊತ್ತೊಯ್ದಿದ್ದ. ಬಿಡುವಾದಾಗಲೆಲ್ಲ ಹರಿದುದನ್ನು ಅಂಟಿಸುತ್ತಿದ್ದ. ಪ್ರತಿ ಡಬ್ಬಿಯಲ್ಲೂ ಬಟ್ಟೆಯಲ್ಲಿ ಕಟ್ಟಿದ ಕರ್ಪೂರದ ಗಂಟೊಂದು ಇರುತ್ತಿತ್ತು. ಅದಿಲ್ಲದೆ ರೀಲು ಒಣಗಿ ಮುರುಟುತ್ತದೆ ಎನ್ನುತ್ತಿದ್ದ.

ಆಟಕ್ಕೆ ಮುಂಚೆ ಪರದೆಗೆ ಮಂಗಳಾರತಿ ಎತ್ತುವುದು ಟೆಂಟಿನ ಪದ್ಧತಿ. ಕರ್ಪೂರವಿಲ್ಲದೆ ಅದು ತಪ್ಪಿದ ದಿನವೇ ಕರೆಂಟಿನ ಇಂಜಿನ್ನು ಕೆಟ್ಟು ಆಟ ನಿಂತು, ಜನ ಬೆಂಚು ಮುರಿದು ಹೋಗಿದ್ದರು. ಮಾರನೆಯ ದಿನ ಪುಟ್ಟಸ್ವಾಮಿ ಪೀರ್ ಪಾಷಾನ ಮನೆಗೆ ಬಂದ. ಪೀರ್ ಪಾಷಾ ಚಹಾಕ್ಕೆ ಹೇಳಲು ಒಳಗೆ ಹೋದ ಗಳಿಗೆಯಲ್ಲಿ ಪುಟ್ಟಸ್ವಾಮಿ, ಒಟ್ಟಿದ್ದ ಡಬ್ಬಿಗಳಲ್ಲಿ ಎಲ್ಲಕ್ಕೂ ಮೇಲಿನದನ್ನು ತೆರೆದು ಒಂದು ಕರ್ಪೂರದ ಬಿಲ್ಲೆ ಎತ್ತಿಕೊಂಡ. ಹೋದರೆ ಒಂದು ರೀಲು ಹೋದೀತು ಎಂದುಕೊಂಡ. ಆಮೇಲೆ ಅದೇ ರೂಢಿಯಾಯಿತು. ಆದರೂ ಆ ಡಬ್ಬಿಯಲ್ಲಿ ಕರ್ಪೂರ ಎಂದೂ ಮುಗಿಯಲಿಲ್ಲ. ಈ ಆಸಾಮಿ ಎಲ್ಲಿಂದಲೋ ಗುಟ್ಟಾಗಿ ತರಿಸುತ್ತಾನೆ, ನನಗೊಂದು ಮಾತು ಹೇಳಲಿಲ್ಲ ಎಂದು ಪುಟ್ಟಸ್ವಾಮಿ ಒಳಗೊಳಗೇ ಮುನಿಸಿಕೊಂಡೂ ಇದ್ದ.

*

ನಿಜಾಮುದ್ದೀನ್ ಕೆಳಗಿನ ಡಬ್ಬಿ ತೆರೆದ. ಬಟ್ಟೆಯ ಗಂಟು ಬರಿದಾಗಿತ್ತು. ರೀಲು ಈರುಳ್ಳಿ ಸಿಪ್ಪೆಯಂತೆ ಉದುರಿತು. ಇನ್ನೊಂದು ತೆರೆದ, ಮತ್ತೊಂದು ತೆರೆದ. ಎಲ್ಲವೂ ಹಾಗೆಯೇ.

"ಇಲಿ ತಿಂದವೇನೋ" ಎಂದ ಪುಟ್ಟಸ್ವಾಮಿ.

"ಕರ್ಪೂರ ತಿನ್ನೋ ಇಲಿ ಯಾವುದ್ಲಾ? ಎಲ್ಡು ಕಾಲಿಂದಿರ್ಬೇಕು" ಎಂದ ಮರಿಯಯ್ಯ.

ಒಳಬಾಗಿಲಲ್ಲಿ ಕೂತಿದ್ದ ಪೀರ್ ಪಾಷಾನ ಹೆಂಡತಿ ಮಹಮೂದಾ ಸೆರಗಿನಿಂದ ಮೂಗೊರೆಸಿಕೊಂಡಳು. "ಇಲಿ ಅಲ್ಲ. ಅವ್ರೇ ತೆಗೆದು ಮೇಲಿನ ಡಬ್ಬಿಗೆ ಹಾಕ್ತಿದ್ರು. ಅದ್ರಲ್ಲಿ ಕಮ್ಮಿ ಆಗ್ತಾ ಐತೆ, ಬೇರೇವು ಹೋದ್ರೂ ಅದೊಂದು ಉಳೀಬೇಕು ಅಂತಿದ್ರು."

ಮೇಲಿನ ಡಬ್ಬಿ ತೆರೆದಾಗ ವಾಸನೆ ಅಂಗಳಕ್ಕೆಲ್ಲ ಹಬ್ಬಿತು. ನಿಜಾಮುದ್ದೀನ್ ಗಂಟನ್ನು ಅಫ್ಸರ್ ಪಾಷಾನ ಕೈಗಿತ್ತು, ರೀಲಿನ ತುದಿ ಎಳೆದು ಬಿಸಿಲಿಗೆ ಹಿಡಿದ. ಅದು ಹೊಸದರಂತೆ ಬಳುಕಿತು.

"ನೋಡು ಪುಟ್ಟಸ್ವಾಮಿ ಮಾಮ. ಈ ಸಿನಿಮಾ ಮದ್ದೂರಲ್ಲಿ ಶಿಂಷಾ ದಡದಾಗೆ ತೆಗೆದಿದ್ದಂತೆ. ಆಕ್ಟ್ ಮಾಡೋರ ಹಿಂದ್ಗಡೆ ಬಿಂದಿಗೆ ಹೊತ್ಕೊಂಡು ಹೋಗ್ತಿರೋರು ನಿಮ್ಮವ್ವ. ಎಲ್ಲಾ ಅಂಟಿಸಿ ಮುಗಿದ್ಮೇಲೆ ಪರದೆ ಮೇಲೇ ತೋರಿಸ್ಬೇಕು, ಅಲ್ಲೀಗಂಟ ಹೇಳ್ಬೇಡ ಅಂದಿದ್ರು ಅಬ್ಬಾ."

ಸತ್ತ ಅವ್ವನ ಒಂದು ಪಟವೂ ಪುಟ್ಟಸ್ವಾಮಿಯ ಮನೆಯಲ್ಲಿರಲಿಲ್ಲ.

"ಪಾದಕ್ಕೆ ಸಾಲ್ದು" ಎಂದು ಬಟ್ಟೆಯ ಆಚೆಯಿಂದ ಅಫ್ಸರ್ ಪಾಷಾ ಕೂಗಿದ. "ಇನ್ನೊಂಚೂರು ಐತಾ?"

ಡಬ್ಬಿಯಲ್ಲಿ ಇರಲಿಲ್ಲ. ಮೊನ್ನೆ ಕಾಯಿಲೆ ನೋಡಲು ಬಂದಾಗ ಎತ್ತಿಕೊಂಡಿದ್ದ ಬಿಲ್ಲೆ ಪುಟ್ಟಸ್ವಾಮಿಯ ಜುಬ್ಬದ ಜೇಬಿನಲ್ಲಿತ್ತು. ಕೈ ಜೇಬಿಗೆ ಹೋಯಿತು, ಬಹಳ ಹೊತ್ತು ಅಲ್ಲೇ ಉಳಿಯಿತು. ಕೊನೆಗೆ ಹೊರಗೆ ಬಂದು ಎಲ್ಲರೆದುರು ತೆರೆದುಕೊಂಡಿತು.

"ಎಲ್ಲಿತ್ಲಾ ಇದು?" ಎಂದ ಮರಿಯಯ್ಯ.

ಮಹಮೂದಾ ಮುಖ ಆಚೆ ತಿರುಗಿಸಿಕೊಂಡಳು. ಬಟ್ಟೆಯ ಸಂದಿಯಿಂದ ಬಂದ ಒದ್ದೆ ಕೈ ಬಿಲ್ಲೆಯನ್ನು ಎತ್ತಿಕೊಂಡು ಒಳಗೆ ಹೋಯಿತು. ಪುಟ್ಟಸ್ವಾಮಿ ಚಾಚಿದ ಅಂಗೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿಜಾಮುದ್ದೀನ್ ಹಿಡಿದೇ ಇದ್ದ ರೀಲಿನ ನೆರಳು, ಕರ್ಪೂರದ ಬಿಳಿ ಪುಡಿ ಅಂಟಿದ್ದ ಆ ಅಂಗೈ ಮೇಲೆ ಬಿದ್ದು ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು.