ಮುಚ್ಚಿಟ್ಟ ಮೂರು ತಿಂಗಳು

ಕೋಥರೂಡ ಬಡಾವಣೆಯ ಆ ಮನೆಗೆ ಸಿಹಿ ಸುದ್ದಿ ಬಂದಿತ್ತು. ಆದರೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಮೂರು ತಿಂಗಳು ತುಂಬುವ ತನಕ ಸೊಸೆ ಬಸುರಿಯೆಂದು ಹೊರಗೆ ಗೊತ್ತಾದರೆ ದೃಷ್ಟಿ ತಾಗುತ್ತದೆ, ಆಸ್ಪತ್ರೆಯೂ ಆಮೇಲೆಯೇ ಎಂದು ಅತ್ತೆ ಚನ್ನಬಸವ್ವ ಕಟ್ಟಪ್ಪಣೆ ಮಾಡಿದ್ದಳು.

ಸೊಸೆ ಮಾಧುರಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಅವಳ ಅಕ್ಕನ ಬಸಿರನ್ನೂ ಹೀಗೇ ಮುಚ್ಚಿಟ್ಟು, ಹೊತ್ತಿಗೆ ಸರಿಯಾಗಿ ತಪಾಸಣೆ ಮಾಡಿಸಿರಲಿಲ್ಲ. ಎಂಟನೇ ತಿಂಗಳಲ್ಲಿ ಬಿ.ಪಿ. ಏರಿ, ಫಿಟ್ಸ್ ಬಂದು, ಕೂಸು ಹೋಯಿತು. ಅಕ್ಕ ಉಳಿದದ್ದೇ ಪುಣ್ಯ.

ಮೇಲಿನ ಮನೆಯ ಗೆಳತಿ ಶೈಲಾ ಬಂದಾಗ ಮಾಧುರಿ ಬೇಕೆಂದೇ ಅತ್ತೆಯೆದುರು ಹೇಳಿಬಿಟ್ಟಳು: “ನನಗ ಈಗ ಹನ್ನೆರಡನೇ ವಾರ, ಶೈಲಾ.”

“ಅಯ್ಯ ಶಿವನ! ಹೇಳಬ್ಯಾಡ ಅಂದಿದ್ನಲ್ಲ!” ಚನ್ನಬಸವ್ವ ಹಣೆ ಚಚ್ಚಿಕೊಂಡಳು.

“ಹೇಳಿದ್ದು ಭಾಳ ಛಲೋ ಆತ್ರಿ ಕಾಕು,” ಎಂದಳು ಶೈಲಾ. “ಇದೇ ಹೊತ್ತಿನ್ಯಾಗ ಒಂದು ರಕ್ತ ಪರೀಕ್ಷೆ ಅದ. ನಾನೂ ಮಾಡಿಸಿದ್ದೆ. ಕೂಸಿಗೆ ಆಹಾರ ಕೊಡೋ ಮಾಸು ಸರಿಯಾಗಿ ಬೆಳೀಲಿಕ್ಕತ್ತದೋ ಇಲ್ಲೋ, ಅದರ ಗುರುತು ರಕ್ತದಾಗ ಸಿಗತದ. ಬಿ.ಪಿ., ಸ್ಕ್ಯಾನ್ ಎಲ್ಲಾ ಕೂಡಿಸಿ ನೋಡಿ, ಮುಂದ ಬಿ.ಪಿ. ಏರೋ ಅಪಾಯ ಎಷ್ಟದ ಅಂತ ಡಾಕ್ಟರ್ ಹೇಳ್ತಾರ.”

“ಬಸುರಿ ರಕ್ತ ತೆಗೀತಾರಂತ! ನಾ ನಾಕು ಹಡದೀನಿ, ಒಂದು ಸೂಜಿ ಚುಚ್ಚಿಸ್ಕೊಂಡಿಲ್ಲ.”

“ನಿಮ್ಮ ತೊಟ್ಟಿಲ ತುಂಬ್ತು ಅತ್ತಿ. ನಮ್ಮಕ್ಕಂದು ಖಾಲಿ ಉಳೀತು,” ಎಂದಳು ಮಾಧುರಿ. “ಬೈರಿ, ಬೇಕಾದ್ರ ಮಾತು ಬಿಡ್ರಿ. ನಾ ನಾಳೆ ಹೋಗಾಕಿನ.”

ಹೋದಳು. ಗಂಡ ಬಸವಲಿಂಗ ತಾಯಿಯ ಮುಖ ನೋಡದೆ ಗಾಡಿ ತೆಗೆದ. ಅಪಾಯ ಹೆಚ್ಚಿದೆ ಎಂದು ವರದಿ ಬಂತು. ಅದನ್ನು ತಗ್ಗಿಸಲು ಡಾಕ್ಟರ್ ದಿನವೂ ನುಂಗುವ ಸಣ್ಣ ಗುಳಿಗೆ ಬರೆದುಕೊಟ್ಟರು, ಬಿ.ಪಿ. ತಪ್ಪದೆ ನೋಡಿಸಲು ಹೇಳಿದರು.

“ನೋಡು, ಇಲ್ಲದ ರೋಗ ಹುಡುಕ್ಕೊಂಡು ಬಂದಿ!” ಎಂದಳು ಅತ್ತೆ.

“ರೋಗ ಅಲ್ರಿ, ಮುನ್ಸೂಚನೆ. ನಂದು ಹುಡುಕಿದ್ರು, ಸಿಕ್ತು. ಅಕ್ಕಂದು ಯಾರೂ ಹುಡುಕಲೇ ಇಲ್ಲ.”

ಅಂದಿನಿಂದ ಚನ್ನಬಸವ್ವ ಊಟವಾದ ಮೇಲೆ ಗೊಣಗುತ್ತಲೇ ಗುಳಿಗೆ, ನೀರು ತಂದಿಡತೊಡಗಿದಳು. ಕೊನೆಯ ವಾರಗಳಲ್ಲಿ ಬಿ.ಪಿ. ಏರಿತು. ಮೊದಲೇ ಕಣ್ಣಿಟ್ಟಿದ್ದ ಡಾಕ್ಟರ್ ತಡಮಾಡದೆ ಹೆರಿಗೆ ಮಾಡಿಸಿದರು. ತಾಯಿ, ಮಗಳು ಇಬ್ಬರೂ ಗಟ್ಟಿಯಾಗಿ ಮನೆಗೆ ಬಂದರು.

ತೊಟ್ಟಿಲು ಹಾಕುವ ದಿನ ನೆರೆಮನೆಯ ರಾಧಾಬಾಯಿ ಚನ್ನಬಸವ್ವನ ಕಿವಿಯಲ್ಲಿ ಉಸುರಿದಳು: “ನಮ್ಮ ಸೊಸಿಗೂ ಎರಡು ತಿಂಗಳು. ಯಾರಿಗೂ ಹೇಳಬ್ಯಾಡ್ರಿ ಮತ್ತ.”

ಚನ್ನಬಸವ್ವ ಮನೆತುಂಬ ಕೇಳುವಂತೆ ಅಂದಳು: “ಯಾಕ ಹೇಳಬಾರದು? ನಾಳೇನ ದವಾಖಾನಿಗೆ ಕರಕೊಂಡು ಹೋಗು! ದೃಷ್ಟಿ ನಾ ತೆಗೀತೀನಿ. ರಕ್ತ ಡಾಕ್ಟರ್ ತೆಗೀಲಿ.”

ಅಕ್ಕಂದಿರೇ, ಅತ್ತೆಯಂದಿರೇ, ಬಸಿರನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಹನ್ನೊಂದರಿಂದ ಹದಿನಾಲ್ಕನೇ ವಾರದೊಳಗೆ ಈ ಪರೀಕ್ಷೆಯ ಬಗ್ಗೆ ಕೇಳಿ. ಅದು ಸಿಗದ ಕಡೆ ಪ್ರತಿ ಸಲ ಬಿ.ಪಿ.ಯನ್ನಾದರೂ ನೋಡಿಸಿ. ಗುಳಿಗೆ ಡಾಕ್ಟರ್ ಹೇಳಿದರೆ ಮಾತ್ರ. ವಿಪರೀತ ತಲೆನೋವು, ಕಣ್ಣು ಮಂಜು, ಮುಖ ಬಾವು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಯಾರಾದರೂ ಅಡ್ಡ ನಿಂತರೆ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.